ಸೋಮವಾರ ಬಾಗಿಲು ಮುಚ್ಚುವ ವೆಬ್‌ಸೈಟು

ಸಕ್ಕರೆ ಕಾರ್ಖಾನೆಯ ಊರಿನ ಮಗ್ಗುಲಲ್ಲೇ ಇದ್ದುಕೊಂಡು ಕಾಫಿಗೆ ಸಕ್ಕರೆ ಬಿಟ್ಟ ಮನುಷ್ಯನನ್ನು ನೋಡಿದರೆ ನೀವು ಏನೆಂದುಕೊಳ್ಳುತ್ತೀರಿ? ಪಾಪ, ಸಕ್ಕರೆ ಕಾಯಿಲೆ ಎನ್ನುತ್ತೀರಿ. ನಮ್ಮಣ್ಣನಿಗೆ ಇದ್ದದ್ದು ಅದಲ್ಲ. ಅವನ ರಕ್ತ ಪರೀಕ್ಷೆಯ ಚೀಟಿ ನೋಡಿ ಲ್ಯಾಬಿನವರೇ ಹೊಟ್ಟೆಕಿಚ್ಚು ಪಟ್ಟಿದ್ದರು. ನಮ್ಮಣ್ಣನಿಗೆ ಇದ್ದದ್ದು ವೆಬ್‌ಸೈಟ್ ಕಾಯಿಲೆ!

ಅಣ್ಣನದು ಮದ್ದೂರಿನಲ್ಲಿ ಎತ್ತಿನ ಸಾಮಾನಿನ ಅಂಗಡಿ. ಹಗ್ಗ, ಮೂಗುದಾರ, ಗಂಟೆ, ಕುಚ್ಚು, ಎಲ್ಲಕ್ಕಿಂತ ಹೆಚ್ಚಾಗಿ ಕೊರಳಿಗೆ ಕಟ್ಟುವ ಗೆಜ್ಜೆಪಟ್ಟಿ. ಅಪ್ಪ ಶುರುಮಾಡಿದ ಅಂಗಡಿ. ಪಟ್ಟಿಯನ್ನು ಅಳೆದು ಕತ್ತರಿಸಿ ಗೆಜ್ಜೆ ಕಟ್ಟುವವನು ಅಣ್ಣ. ಎತ್ತಿನ ಕೊರಳು ಉಜ್ಜದಂತೆ ಒಳಗೆ ಮೆತ್ತನೆ ಬಟ್ಟೆ ಕೊಟ್ಟು ಹೊಲಿಯುವವಳು ನಾನು. ನಾನು ಮಂಡ್ಯದಲ್ಲಿ ರವಿಕೆ ಹೊಲಿಯುವವಳು. ವಾರಕ್ಕೆರಡು ಸಲ ರೈಲಿನಲ್ಲಿ ಹನಕೆರೆ ದಾಟಿ ಮದ್ದೂರಿಗೆ ಬಂದು ಎತ್ತಿಗೂ ಹೊಲಿದು ಹೋಗುತ್ತಿದ್ದೆ. ಎತ್ತುಗಳು ರವಿಕೆ ಗಿರಾಕಿಗಳಿಗಿಂತ ವಾಸಿ. ತೋಳು ಬಿಗಿಯಾಯಿತು ಎಂದು ತಿರುಗಿ ಬರುವುದಿಲ್ಲ.

ಹೊಲಕ್ಕೆ ಟ್ರ್ಯಾಕ್ಟರು ಬಂತು. ಬೆಂಗಳೂರಿನ ಹೊಸ ರಸ್ತೆ ಊರ ಹೊರಗೆ ಹೋಯಿತು. ಅಂಗಡಿಯಲ್ಲಿ ಗಿರಾಕಿಗಳಿಗಿಂತ ನೊಣ ಹೆಚ್ಚಾದವು. ಆಗ ಅಣ್ಣ ಯಾರೋ ಹೇಳಿದ್ದನ್ನು ಕೇಳಿಕೊಂಡು ಬಂದ.

“ವೆಬ್‌ಸೈಟು ಅಂತ ಮಾಡ್ತಾರಂತೆ ಕಣವ್ವ. ಪರ್ಪಂಚದಲ್ಲಿರೋ ಎತ್ತೆಲ್ಲ ನಮ್ ಅಂಗ್ಡಿಗೆ ಬತ್ತವಂತೆ.”

“ಬಂದ್ರೆ ಎಲ್ಲಿ ಕಟ್ಟಾಕ್ತೀಯಣ್ಣ?” ಎಂದೆ.

“ನಿನ್ನ ಹೊಲಿಗೆ ಮಿಷಿನ್ನಿಗೆ!”

ಅಂಗಡಿಯಿಂದ ಎರಡು ಬಾಗಿಲಾಚೆ ಸೌಮ್ಯ ಎಂಬ ಹುಡುಗಿಯ ಜೆರಾಕ್ಸ್ ಅಂಗಡಿ. ಅವಳು ವೆಬ್‌ಸೈಟನ್ನೂ ಮಾಡಿಕೊಡುತ್ತಿದ್ದಳು. ಓದಿದ ಹುಡುಗಿ. ಮೊದಲು ಯೋಜನೆ ಹಾಕಬೇಕು ಎಂದು ಬಿಳಿ ಹಾಳೆ ಪೆನ್ನು ಇಟ್ಟುಕೊಂಡು ಕೂತಳು.

“ನಿಮ್ಮ ಗ್ರಾಹಕರು ಯಾರು ಅಂಕಲ್?”

“ಎತ್ತು.”

“ಅಲ್ಲ ಅಂಕಲ್, ತಗೊಳ್ಳೋರು ಯಾರು?”

“ತಕ್ಕಳೋನು ಎತ್ತಿನೋನು. ಆಕ್ಕಳದು ಎತ್ತು. ಎತ್ತು ಒಪ್ಪದೆ ಅವನು ಒಪ್ಪಿದ್ರೇನು ಬಂತು?”

ಸೌಮ್ಯ ಹಾಳೆಯ ಮೇಲೆ ‘ಎತ್ತು’ ಎಂದು ಬರೆದುಕೊಂಡಳು. ಅವಳ ಯೋಜನೆ ಅಲ್ಲಿಗೆ ಮುಗಿಯಿತು. ಆಮೇಲಿನದೆಲ್ಲ ಅಣ್ಣನ ಯೋಜನೆ.

ವೆಬ್‌ಸೈಟು ಶುರುವಾಗುವ ದಿನ ಅವಳ ಕಂಪ್ಯೂಟರಿಗೆ ಪೂಜೆ. ಮೌಸಿಗೆ ಕುಂಕುಮ, ಪರದೆಗೆ ಸೇವಂತಿಗೆ ಹಾರ. ಹೊಸ ಗಾಡಿಯ ಚಕ್ರಕ್ಕೆ ನಿಂಬೆಹಣ್ಣು ಇಡುವುದು ಪದ್ಧತಿಯಲ್ಲವೇ? ಕಂಪ್ಯೂಟರಿಗೆ ಚಕ್ರ ಎಲ್ಲಿದೆ? ಅಣ್ಣ ಸುತ್ತಮುತ್ತ ಹುಡುಕಿದ. ಕೊನೆಗೆ ಸೌಮ್ಯ ಕೂತಿದ್ದ ಉರುಳುವ ಕುರ್ಚಿಗೆ ಗಾಲಿ ಇರುವುದು ಕಣ್ಣಿಗೆ ಬಿತ್ತು. ಅವಳನ್ನು ಕೂರಿಸಿಯೇ ಗಾಲಿಗೊಂದರಂತೆ ನಿಂಬೆಹಣ್ಣು ಇಟ್ಟು ಹಿಂದಿನಿಂದ ತಳ್ಳಿದ. ಆ ಕುರ್ಚಿಗೆ ಐದು ಗಾಲಿ. ಅಣ್ಣ ತಂದಿದ್ದದ್ದು ನಾಲ್ಕು ನಿಂಬೆಹಣ್ಣು! ಮುಂದೆ ತಿಂಗಳುಗಟ್ಟಲೆ ಒಂದು ವ್ಯಾಪಾರವೂ ಆಗದಿದ್ದಾಗ ಅವನು ದೂರಿದ್ದು ಆ ಐದನೆಯ ಗಾಲಿಯನ್ನೇ.

ಪೂಜೆ ಮುಗಿದ ಕೂಡಲೇ ಎಲ್ಲರೆದುರು ಮನೆದೇವರಿಗೆ ಹರಕೆ ಹೊತ್ತ. “ವೆಬ್‌ಸೈಟಿಂದ ಒಂದು ಎತ್ತಿನ ಕೊರಳಿಗಾದ್ರೂ ನಮ್ ಗೆಜ್ಜೆ ಬೀಳೋಗಂಟ ನಾನು ಕಾಫಿಗೆ ಸಕ್ಕರೆ ಆಕ್ಸಲ್ಲ.”

ಅಣ್ಣನ ಕಾಫಿ ಎಂದರೆ ಏನೆಂದು ನಿಮಗೆ ಗೊತ್ತಿಲ್ಲ. ಎದುರಿಗೆ ಸಿದ್ದಣ್ಣನ ಹೋಟೆಲು. ಸಿದ್ದಣ್ಣ ಅವನ ಲೋಟಕ್ಕೆ ಮೊದಲು ಸಕ್ಕರೆ ಹಾಕಿ, ಜಾಗ ಉಳಿದರೆ ಕಾಫಿ ಹಾಕುತ್ತಿದ್ದ. ಅಂಥವನು ಬರೀ ಕಹಿ ಕುಡಿಯತೊಡಗಿದ. ಪ್ರತಿ ಗುಟುಕಿಗೂ ಅವನ ಮುಖ ನೋಡಲಾಗುತ್ತಿರಲಿಲ್ಲ. ಮದುವೆ ಮಕ್ಕಳು ಇಲ್ಲದ ಮನುಷ್ಯ. ಇದ್ದದ್ದು ಆ ಅಂಗಡಿ, ನಾನು ಮತ್ತು ಒಂದು ಲೋಟ ಸಿಹಿ ಕಾಫಿ. “ಅಪ್ಪ ತೆಗೆದ ಬಾಗ್ಲು ನನ್ ಕಾಲಕ್ಕೆ ಮುಚ್ಚಬಾರ್ದು ಕಣವ್ವ” ಎಂದು ಒಂದು ಸಲ ಹೇಳಿದ್ದ. ಅದು ಮಾತ್ರ ತಮಾಷೆಯ ಮಾತಾಗಿರಲಿಲ್ಲ.

ಹಾಗಂತ ವೆಬ್‌ಸೈಟನ್ನು ನೆಟ್ಟಗೆ ನಡೆಯಲು ಬಿಟ್ಟನೇ? ನಮ್ಮ ಕಡೆ ಸೋಮವಾರ ಎತ್ತಿಗೆ ನೊಗ ಹೂಡುವುದಿಲ್ಲ. ಬಸವಣ್ಣನ ದಿನ. ಅಣ್ಣನ ಅಂಗಡಿಗೂ ಅವತ್ತೇ ರಜಾ. ವೆಬ್‌ಸೈಟಿಗೂ ರಜಾ ಬೇಕೆಂದ! ಸೌಮ್ಯ ಮೇಜು ಕುಟ್ಟಿ ಹೇಳಿದಳು: “ಅಂಕಲ್, ವೆಬ್‌ಸೈಟ್ ಅಂದ್ರೆ ಹಗಲು ರಾತ್ರಿ ತೆಗೆದಿರೋ ಅಂಗಡಿ. ಅದೇ ಅದರ ಲಾಭ!”

“ಎತ್ತೇ ರಜಾ ತಕ್ಕಂಡು ಮಲಗಿರುವಾಗ ಅದರ ಎಸರೇಳ್ಕಂಡು ವೆಬ್‌ಸೈಟು ದುಡಿಯದು ಪಾಪ ಕಣವ್ವ.”

ಪ್ರತಿ ಭಾನುವಾರ ಸಂಜೆ ಅವಳಿಗೆ ಫೋನು: “ಬಾಗ್ಲಾಕ್ದಾ?” ಸೋಮವಾರ ಪೂರ್ತಿ ಆ ವೆಬ್‌ಸೈಟು ತೆಗೆದವರಿಗೆ ಒಂದೇ ಸಾಲು ಕಾಣುತ್ತಿತ್ತು. ‘ಈ ದಿನ ಬಸವಣ್ಣನಿಗೆ ವಿಶ್ರಾಂತಿ. ನಾಳೆ ಬನ್ನಿ. ಊಟ ಮಾಡಿಕೊಂಡೇ ಬನ್ನಿ.’

ಎಷ್ಟು ಜನ ಬಂದು ನೋಡಿದರು ಎಂದು ತೋರಿಸುವ ಒಂದು ಅಂಕಿಯನ್ನು ಸೌಮ್ಯ ಕೆಳಗೆ ಹಾಕಿಕೊಟ್ಟಿದ್ದಳು. ಹಾಕಿದ್ದೇ ತಪ್ಪಾಯಿತು. ಒಂದು ದಿನ ಅಣ್ಣ ಕೆಂಡವಾಗಿ ಬಂದ.

“ಹದಿನಾಲ್ಕು ಜನ ಬಂದವ್ರೆ! ಒಬ್ಬನಾದ್ರೂ ‘ಏನಣ್ಣ, ಚೆನ್ನಾಗಿದ್ದೀಯಾ’ ಅಂದಿಲ್ಲ. ಅಂಗ್ಡಿ ಒಳಗ್ ಬಂದು ಮಾತಾಡ್ದೆ ಓಗೋಕೆ ಅವ್ರೇನು ಕಳ್ರಾ?”

ಸೌಮ್ಯ ನೋಡಿ ಹೇಳಿದಳು: “ಅಂಕಲ್, ಅದರಲ್ಲಿ ಹದಿಮೂರು ಸಲ ಬಂದಿರೋದು ನೀವೇ.”

ಅಣ್ಣ ಬೆರಳು ಮಡಚಿ ಎಣಿಸಿಕೊಂಡ. “ಸರಿ ಬುಡು, ಆ ಒಬ್ಬ ಯಾರು?”

ಆ ಒಬ್ಬಳು ನಾನು.

ಇನ್ನು ಆರ್ಡರ್ ಕೊಡುವ ಫಾರಂ. ಹೆಸರು, ವಿಳಾಸ, ಫೋನು ಕೇಳಿದರೆ ಸಾಕು, ಜಾಸ್ತಿ ಕೇಳಿದರೆ ಜನ ಓಡಿಹೋಗುತ್ತಾರೆ ಎಂದು ಸೌಮ್ಯ ಬೇಡಿಕೊಂಡಳು. ಅಣ್ಣ ಹನ್ನೊಂದು ಪ್ರಶ್ನೆ ಕೊಟ್ಟ. ಎತ್ತಿನ ಹೆಸರೇನು? ಎಷ್ಟು ಹಲ್ಲು? ಸುಳಿ ಎಲ್ಲೆಲ್ಲಿದೆ? ಎಡಕ್ಕೆ ಹೂಡುವುದೋ ಬಲಕ್ಕೋ? ಗಂಟೆ ಸದ್ದಿಗೆ ಬೆದರುತ್ತದೆಯೋ? ನೀರು ಕುಡಿಯುವಾಗ ತಲೆ ಒದರುತ್ತದೆಯೋ? ಗಂಡು ನೋಡಲು ಹೋದವರೂ ಇಷ್ಟು ಕೇಳುವುದಿಲ್ಲ! ಕೊನೆಯ ಪ್ರಶ್ನೆ, ಕೊರಳ ಸುತ್ತಳತೆ ಎಷ್ಟು?

“ಯಾವುದರಲ್ಲಿ ಅಂಕಲ್? ಸೆಂಟಿಮೀಟರಾ?”

“ಗೇಣು, ಬೆರಳು.”

“ಯಾರ ಗೇಣು? ಒಬ್ಬೊಬ್ಬರದು ಒಂದೊಂದು ಥರ ಇರುತ್ತಲ್ಲ?”

ಒಳ್ಳೆಯ ಪ್ರಶ್ನೆ ಎಂದು ಅಣ್ಣ ಮೆಚ್ಚಿಕೊಂಡ. ಎದ್ದುಹೋಗಿ ಅವಳ ಜೆರಾಕ್ಸ್ ಮಿಷಿನ್ನಿನ ಗಾಜಿನ ಮೇಲೆ ಬಲಗೈ ಅಗಲಿಸಿ ಇಟ್ಟ. “ಒತ್ತವ್ವ” ಎಂದ. ಅವಳು ಒತ್ತಿದಳು. ಹೆಬ್ಬೆರಳ ತುದಿಯಿಂದ ಕಿರುಬೆರಳ ತುದಿಯವರೆಗೆ ಅಣ್ಣನ ಗೇಣು, ಗೆರೆ ಗಾಯಗಳ ಸಮೇತ, ಹಾಳೆಯ ಮೇಲೆ ಬಂತು. ಒಂದು ಪ್ರತಿ ಅಂಗಡಿಯ ಗೋಡೆಗೆ ಅಂಟಿತು. ಇನ್ನೊಂದು ವೆಬ್‌ಸೈಟಿನ ಮೊದಲ ಪುಟಕ್ಕೆ ಏರಿತು. ಕೆಳಗೆ ಬರಹ: ‘ಇದೇ ನಮ್ಮ ಗೇಣು. ನಿಮ್ಮದನ್ನು ಇದರ ಮೇಲಿಟ್ಟು ನೋಡಿಕೊಳ್ಳಿ.’ ಆದರೆ ಜನ ನೋಡುವುದು ಮೊಬೈಲಿನಲ್ಲಿ! ಅಲ್ಲಿ ಅಣ್ಣನ ಕೈ ಹಲ್ಲಿಯ ಕೈಯಷ್ಟು ಕಾಣುತ್ತಿತ್ತು. ಆ ಲೆಕ್ಕದಲ್ಲಿ ಅಳೆದರೆ ಎತ್ತಿನ ಕೊರಳು ಆನೆಯ ಹೊಟ್ಟೆಯಾಗುತ್ತಿತ್ತು.

ಪ್ರಚಾರ ಬೇಕು ಎಂದಳು ಸೌಮ್ಯ. ಫೇಸ್‌ಬುಕ್ಕು, ವಾಟ್ಸಾಪು ಎಂದು ಅವಳು ಹೇಳುವಷ್ಟರಲ್ಲಿ ಅಣ್ಣ ಬೆಸಗರಹಳ್ಳಿಯ ಸ್ನೇಹಿತನ ಕೊಟ್ಟಿಗೆಯಲ್ಲಿದ್ದ. ಆ ಸ್ನೇಹಿತ ಮರುದಿನ ಗಾಡಿ ಹೂಡಿಕೊಂಡು ಮಳವಳ್ಳಿಯ ಬೀಗರ ಮನೆಗೆ ಹೊರಟಿದ್ದ. ಜೋಡಿ ಬಿಳಿ ಎತ್ತು, ಗೋಡೆ ಇದ್ದ ಹಾಗೆ! ಅಣ್ಣ ಎಡದ ಎತ್ತಿನ ಹೊರಮೈ ಮೇಲೆ ಕೆಮ್ಮಣ್ಣಿನಲ್ಲಿ ವೆಬ್‌ಸೈಟಿನ ಹೆಸರು ಬರೆದ. ಎತ್ತು ಮುಗಿಯಿತು, ವಿಳಾಸ ಮುಗಿದಿರಲಿಲ್ಲ. ಉಳಿದ ‘ಡಾಟ್ ಕಾಮ್’ ಅನ್ನು ಬಲದ ಎತ್ತಿನ ಹೊರಮೈಗೆ ಬರೆದ.

ಆಗಿದ್ದೇನು? ಮಳವಳ್ಳಿಯವರೆಗೂ ರಸ್ತೆಯ ಎಡಗಡೆ ಮನೆಯವರಿಗೆ ಹೆಸರು ಮಾತ್ರ ಕಂಡಿತು. ಬಲಗಡೆ ಮನೆಯವರಿಗೆ ಬರೀ ಡಾಟ್ ಕಾಮ್. ಮಳವಳ್ಳಿ ಮಕ್ಕಳು ಎತ್ತಿನ ಹಿಂದೆ “ಡಾಟ್ ಕಾಮಾ, ಡಾಟ್ ಕಾಮಾ” ಎಂದು ಓಡಿದವಂತೆ. ಆ ಎತ್ತಿಗೆ ಇವತ್ತಿಗೂ ಅದೇ ಹೆಸರು.

“ಬುದ್ಧಿ ಬೇಡ್ವೇನಣ್ಣ, ಅರ್ಧರ್ಧ ವಿಳಾಸ ಇಟ್ಕೊಂಡು ಯಾರು ಏನು ಮಾಡ್ತಾರೆ?” ಎಂದು ನಾನು ರೇಗಿದೆ.

ಅಣ್ಣ ನನ್ನನ್ನು ಕನಿಕರದಿಂದ ನೋಡಿದ. “ಗಾಡಿ ವಾಪಸ್ ಬರಲ್ವೇನವ್ವ? ಓಗೋವಾಗ ಅರ್ಧ ಓದ್ಕಂಡೋರು ಬರೋವಾಗ ಇನ್ನರ್ಧ ಓದ್ಕತಾರೆ. ಅಲ್ಲೀಗಂಟ ಕಾಯ್ತಾರಲ್ಲ, ಅದಕ್ಕೇ ಪರ್ಚಾರ ಅನ್ನದು!”

ನಾನು ಕೂತು ಲೆಕ್ಕ ಹಾಕಿದೆ. ಅವನು ಹೇಳಿದ್ದು ಸರಿಯಾಗಿಯೇ ಇತ್ತು! ಹಾಳಾದ್ದು, ನಮ್ಮಣ್ಣನ ಹುಚ್ಚೆಲ್ಲ ಹೀಗೇ. ಎಲ್ಲೋ ಒಂದು ಕಡೆ ಸರಿಯಾಗಿರುತ್ತಿತ್ತು.

ಆದರೂ ಆರ್ಡರ್ ಬರಲಿಲ್ಲ. ವರ್ಷ ಕಳೆಯಿತು. ಅಣ್ಣ ಕಹಿ ಕಾಫಿ ಕುಡಿಯುತ್ತಲೇ ಇದ್ದ. ಅವನು ಸೊರಗಿದ್ದ ಕೂಡ. ನನಗೆ ತಡೆಯಲಾಗಲಿಲ್ಲ. ಒಂದು ದಿನ ಮಂಡ್ಯದ ಮನೆಯಲ್ಲಿ ಕೂತು ತುಮಕೂರಿನ ನನ್ನ ಗೆಳತಿಯ ಯಜಮಾನರ ಹೆಸರಿನಲ್ಲಿ ನಾನೇ ಫಾರಂ ತುಂಬಿದೆ. ಹನ್ನೊಂದು ಪ್ರಶ್ನೆಗೂ ಉತ್ತರ! ಎತ್ತಿನ ಹೆಸರು ರಾಮ, ಆರು ಹಲ್ಲು, ಎಡಕ್ಕೆ ಹೂಡುವುದು, ಬೆದರುವುದಿಲ್ಲ. ಅಳತೆಯನ್ನಂತೂ ಬಲು ಎಚ್ಚರಿಕೆಯಿಂದ ಬರೆದೆ. ‘ಕೊರಳು ನಲವತ್ತೆರಡು ಇಂಚು. ಹೊಲಿಗೆಗೆ ಅರ್ಧ ಇಂಚು ಬಿಡಿ.’

ಮಾರನೆಯ ದಿನ ಮದ್ದೂರಿಗೆ ಹೋದರೆ ಅಂಗಡಿಯಲ್ಲಿ ಹಬ್ಬ. ಅಣ್ಣ ನನ್ನನ್ನು ಕಂಡವನೇ ರಸ್ತೆಯಾಚೆಗೆ ಕೇಳುವಂತೆ ಕೂಗಿದ. “ಸಿದ್ದಣ್ಣ, ಎರಡು ಕಾಫಿ! ನಂದಕ್ಕೆ ಮೂರು ಚಮಚ ಆಕ್ಲಾ!” ಕುಡಿದು ಕಣ್ಣು ಮುಚ್ಚಿ ಕೂತ. ಇಷ್ಟು ಚಂದದ ಮೋಸವನ್ನು ನಾನು ಜನ್ಮದಲ್ಲಿ ಮಾಡಿರಲಿಲ್ಲ. ಪಟ್ಟಿಗೆ ನಾನೇ ಬಟ್ಟೆ ಹೊಲಿದುಕೊಟ್ಟೆ. ಪಾರ್ಸಲ್ ತುಮಕೂರಿಗೆ ಹೋಯಿತು. ಗೆಳತಿಯ ಮನೆಯ ಕಾಲಿಂಗ್ ಬೆಲ್ಲು ಕೆಟ್ಟಿತ್ತಂತೆ, ಅವಳು ಅದನ್ನು ಬಾಗಿಲಿಗೆ ಕಟ್ಟಿಕೊಂಡಳು.

ಆಮೇಲೆ ನಾನು ಹೋದಾಗಲೆಲ್ಲ ಅಣ್ಣ ಸಿಹಿ ಕಾಫಿಯನ್ನೇ ಕುಡಿದ. ಇನ್ನೊಂದು ಆರ್ಡರ್ ಬಂದಿದ್ದು ನಾನು ಕಾಣೆ. ಆದರೂ ಹರಕೆ ತೀರಿತಲ್ಲ ಎಂದು ನನಗೆ ಸಮಾಧಾನ.

ಈ ಕಾರ್ತಿಕದಲ್ಲಿ ಅಣ್ಣ ಹೋದ. ಬೆಳಿಗ್ಗೆ ಬಾಗಿಲು ತೆಗೆದು, ಗುಡಿಸಿ, ದೀಪ ಹಚ್ಚಿ, ಕೂತ ಕಡೆಯೇ ಹೋದ. ಅಂಗಡಿ ಖಾಲಿ ಮಾಡಬೇಕೆಂದು ಎರಡು ಸಲ ಬಂದು, ಎರಡು ಸಲವೂ ಗೆಜ್ಜೆಯ ಧೂಳು ಒರೆಸಿ ಇಟ್ಟು ಹೋದೆ. ಸೌಮ್ಯ ಮಾತ್ರ ಯಾರೂ ಫೋನು ಮಾಡದಿದ್ದರೂ ಪ್ರತಿ ಭಾನುವಾರ ಸಂಜೆ ವೆಬ್‌ಸೈಟಿಗೆ ಬಾಗಿಲು ಹಾಕುತ್ತಿದ್ದಳು.

ಮೊನ್ನೆ ಮಂಗಳವಾರ ಬೆಳಿಗ್ಗೆ ಅವಳೇ ಫೋನು ಮಾಡಿದಳು. “ಆಂಟಿ, ಬೇಗ ಬನ್ನಿ. ಆರ್ಡರ್ ಬಂದಿದೆ.”

ಹಾಸನದ ಕಡೆಯ ಒಬ್ಬ ರೈತರು. ಹನ್ನೊಂದು ಪ್ರಶ್ನೆಗೂ ಉತ್ತರ ಬರೆದಿದ್ದರು. ಎತ್ತಿನ ಹೆಸರು ಮಲ್ಲ. ಬಲಕ್ಕೆ ಹೂಡುವುದು. ನೀರು ಕುಡಿಯುವಾಗ ತಲೆ ಒದರುತ್ತದೆ. ಕೊರಳು ನಾಲ್ಕು ಗೇಣು ಆರು ಬೆರಳು. ಕೆಳಗೆ ಒಂದು ಸಾಲು: ‘ಮಗಳ ಕಂಪ್ಯೂಟರಿನಲ್ಲಿ ನಿಮ್ಮ ಕೈ ಮೇಲೆ ಕೈ ಇಟ್ಟು ನೋಡಿದೆ. ಇಬ್ಬರದೂ ಒಂದೇ ಗೇಣು. ಚೆನ್ನಾಗಿದ್ದೀರಾ?’

ನಾನು ಅಂಗಡಿಯ ಬಾಗಿಲು ತೆಗೆದು ಕೂತೆ. ಸಿದ್ದಣ್ಣ ಕೇಳದೆಯೇ ಕಾಫಿ ತಂದ. ಅವನಿಗೆ ಸುದ್ದಿ ಹೇಳಿದೆ. ಅವನು ಲೋಟ ಕೆಳಗಿಡುವುದನ್ನೇ ಮರೆತು ನಿಂತ.

“ಅಂಗಾರೆ ಅಣ್ಣನ ಅರಕೆ ಈಗ ತೀರ್ತು ಕಣಕ್ಕ.”

“ಅದು ಅವತ್ತೇ ತೀರಿತ್ತಲ್ಲ ಸಿದ್ದಣ್ಣ. ತುಮಕೂರಿನದು?”

ಸಿದ್ದಣ್ಣ ಬೇರೆ ಕಡೆ ನೋಡಿದ. “ಅವರು ಕೊನೇಗಂಟ ಸಕ್ಕರೆ ಇಲ್ದೆಯೇ ಕುಡುದ್ರು ಕಣಕ್ಕ. ನೀವು ಬಂದ ದಿನ ಮಾತ್ರ ಮೂರು ಚಮಚ. ‘ನನ್ ತಂಗಿ ನೋಡ್ತಾವಳೆ, ಆಕ್ಲಾ’ ಅನ್ನೋರು. ನಾನು ಕೇಳ್ದೆ, ಯಾಕಣ್ಣ ಅಂತ. ನಗಾಡ್ಬುಟ್ರು. ‘ಎತ್ತಿಗೆ ಒಲಿಗೇಗೆ ಅರ್ಧ ಇಂಚು ಬುಡು ಅನ್ನೋ ರೈತ ಯಾವನ್ಲಾ? ನಮ್ ಎಣ್ಮಗ ಎಷ್ಟು ಕಷ್ಟಪಟ್ಟು ಬರೆದವ್ಳೆ!’ ಅಂದ್ರು.”

ನಾನು ಕಾಫಿಗೆ ಮೂರು ಚಮಚ ಹಾಕಿಸಿಕೊಂಡೆ. ಬಾಯಿಗೆ ಇಡಲಾಗದಷ್ಟು ಸಿಹಿ. ಹರಕೆ ಎಂದ ಮೇಲೆ ತೀರಿಸಬೇಕಲ್ಲ, ತಳದವರೆಗೂ ಕುಡಿದೆ.

ಆಮೇಲೆ ಪಟ್ಟಿ ತೆಗೆದು ಹಾಸಿದೆ. ಇಷ್ಟು ವರ್ಷ ಹೊಲಿದಿದ್ದೇನೆ, ಒಂದು ದಿನವೂ ಅಳೆದವಳಲ್ಲ. ಕೊರಳಿಗೆ ಹಾಕಿಕೊಂಡಿದ್ದ ಇಂಚುಟೇಪನ್ನು ತೆಗೆದು ಪಕ್ಕಕ್ಕಿಟ್ಟೆ. ಗೋಡೆಯ ಮೇಲಿನ ಜೆರಾಕ್ಸಿನ ಹತ್ತಿರ ಹೋಗಿ ಅಣ್ಣನ ಕೈ ಮೇಲೆ ನನ್ನ ಕೈ ಇಟ್ಟು ಬೆರಳು ಅಗಲಿಸಿದೆ. ಎಷ್ಟು ಎಳೆದರೂ ನನ್ನ ಗೇಣು ಎರಡು ಬೆರಳು ಚಿಕ್ಕದು.

ಗೇಣಿಗೆ ಎರಡೆರಡು ಬೆರಳು ಸೇರಿಸಿಕೊಂಡು ಅಳೆದೆ. ಕತ್ತರಿಸಿದೆ. ಹೊಲಿಗೆಗೆ ಮಾತ್ರ ಅರ್ಧ ಇಂಚು ಬಿಟ್ಟೆ.