ನಾಲ್ಕು ಕಡೆ ಹೂಡಿದ ಹುಲಿಗೇಶ

ಪರೀಕ್ಷಾ ಶುಲ್ಕ ಕಟ್ಟಲು ಅದು ಕೊನೆಯ ದಿನ. ಬಿ.ಕಾಂ. ಎರಡನೇ ವರ್ಷದ ಹುಲಿಗೇಶನ ಬಳಿ ಹಣವಿರಲಿಲ್ಲ; ಪೋರ್ಟ್‌ಫೋಲಿಯೊ ಇತ್ತು.

ಅವ್ವ ಅಳವಂಡಿಯಿಂದ ಶುಲ್ಕಕ್ಕೆಂದು ಕಳಿಸಿದ ಎರಡು ಸಾವಿರದ ಮುನ್ನೂರು ರೂಪಾಯಿ ತಿಂಗಳ ಹಿಂದೆ ಅವನ ಕಿಸೆಯಲ್ಲೇ ಇತ್ತು. ಅದೇ ವಾರ ಅತಿಥಿ ಉಪನ್ಯಾಸಕ ಮರಿಸ್ವಾಮಿ ಸರ್ ವಿದ್ಯಾರ್ಥಿಗಳ ಹೂಡಿಕೆಯ ಬಗ್ಗೆ ಪಾಠ ಮಾಡಿದರು. "ಇದ್ದದ್ದೆಲ್ಲಾ ಒಂದರ ಮ್ಯಾಲ ಹಾಕಬ್ಯಾಡ್ರಿ. ಬ್ಯಾರೆ ಬ್ಯಾರೆ ಧಂದೆದಾಗ ಹಂಚ್ರಿ. ಒಂದು ಬಿದ್ರ ಇನ್ನೊಂದು ಎತ್ತತೈತಿ. ಆಪತ್ತಿಗಂತ ಸ್ವಲ್ಪ ನಂಬಿಗಸ್ಥರ ಕಡೆ ಇಡ್ರಿ. ಅದನ್ನ ಕಡೀಕ ಮುಟ್ರಿ."

ಹುಲಿಗೇಶ ಹಂಚಿದ. ಗಂಗಾವತಿಯ ವಾಹೀದನ ಚಹಾದಂಗಡಿಗೆ ಐನೂರು, ಇಮ್ರಾನನ ಪೇಡೆ ಅಂಗಡಿಗೆ ಐನೂರು, ಪಕ್ಕೀರವ್ವನ ಖಾನಾವಳಿಗೆ ಐನೂರು, ಯಂಕೇಶನ ಹೂಗಿಡದ ನರ್ಸರಿಗೆ ಐನೂರು. ಲಾಭದಲ್ಲಿ ಪಾಲು, ಕೇಳಿದಾಗ ಅಸಲು ವಾಪಸ್ಸು. ಆಪತ್ತಿನ ಮುನ್ನೂರನ್ನು ಮರಿಸ್ವಾಮಿ ಸರ್ ಕೈಗೇ ಕೊಟ್ಟ. ಅವರಿಗಿಂತ ನಂಬಿಗಸ್ಥರು ಯಾರಿದ್ದಾರೆ?

"ಇವತ್ತ ಐದಕ್ಕ ಕಿಟಕಿ ಮುಚ್ಚತೀನಿ" ಎಂದ ಕಾಲೇಜಿನ ಗುಮಾಸ್ತ ಮಾಂತೇಶ. "ಪೂರಾ ಇಲ್ಲಂದ್ರ ಮುನ್ನೂರಾದ್ರೂ ತಾ, ಹೆಸರು ಬರಕೊಂತೀನಿ. ಅದೂ ಇಲ್ಲಂದ್ರ ಮುಂದಿನ ವರ್ಸ ಬಾ."

ಹುಲಿಗೇಶ ನಕ್ಕ. ನಾಲ್ಕು ಕಡೆ ಹೂಡಿದವನಿಗೆ ಏನು ಭಯ?

ವಾಹೀದನ ಒಲೆ ತಣ್ಣಗಿತ್ತು. ಅವನು ಖಾಲಿ ಕಪ್ಪುಗಳನ್ನು ಮೂರನೇ ಸಲ ತೊಳೆಯುತ್ತಿದ್ದ.

"ಭಾಯ್, ನನ್ನ ಐನೂರು..."

"ಇವತ್ತ ಬ್ಯಾಡ ಬೇಟಾ. ಬೋಣಿನ ಆಗಿಲ್ಲ. ಮಾಲು ಬಂದಿಲ್ಲ."

ಇಮ್ರಾನನ ಕಡಾಯಿಯಲ್ಲಿ ಒಂದೇ ಒಂದು ನೊಣ ಬೇಸರದಿಂದ ಸುತ್ತುತ್ತಿತ್ತು. "ಮಾಲು ಬಂದಿಲ್ಲೋ ದೋಸ್ತ" ಎಂದ ಅವನೂ.

ಹುಲಿಗೇಶ ಗೊಂದಲಕ್ಕೆ ಬಿದ್ದ. ಒಂದು ಬಿದ್ದರೆ ಇನ್ನೊಂದು ಎತ್ತಬೇಕಲ್ಲ? ಎಲ್ಲಾದರೂ ಯುದ್ಧವಾಯಿತೇ ಎಂದು ಮೊಬೈಲು ತೆಗೆದು ನೋಡಿದ. ಸೆನ್ಸೆಕ್ಸ್ ಏರಿತ್ತು. ಮುಂಬೈಯಲ್ಲಿ ಏರುತ್ತಿರುವಾಗ ಗಂಗಾವತಿಯ ಚಹಾ, ಪೇಡೆಗೆ ಮಾತ್ರ ಏನಾಯಿತು?

ಖಾನಾವಳಿಯ ಬಾಗಿಲಲ್ಲೇ ಪಕ್ಕೀರವ್ವ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು.

"ಬಂದ್ಯಾ ಸಾಹುಕಾರ? ಉಂಡೋರೆಲ್ಲಾ ಮಜ್ಜಿಗಿ ಇಲ್ಲಂತ ಬೈದ ಹೋಗ್ಯಾರ. ಈಗ ನಿಂದೊಂದು. ನಡಿ, ಕಾಲುವಿ ದಂಡಿಗೆ ನಡಿ. ನಿನ್ನ ರೊಕ್ಕ ಅಲ್ಲೇ ಐತಿ."

ಕಾಲುವೆಯ ದಂಡೆಯಲ್ಲಿ ಯಂಕೇಶ ಖಾಲಿ ಬುಟ್ಟಿ ಹಿಡಿದು ನಿಂತಿದ್ದ. ಹಿಂದಿನಿಂದ ವಾಹೀದ, ಇಮ್ರಾನರೂ ಬಂದರು. ನೀರಿನಲ್ಲಿ ಕುತ್ತಿಗೆಯವರೆಗೆ ಮುಳುಗಿ ಒಂದು ಎಮ್ಮೆ ಕೂತಿತ್ತು.

"ನಸುಕಿನ್ಯಾಗ ಹಗ್ಗ ಹರಕೊಂಡು ಇಳದೈತಿ, ಏಳವಲ್ದು" ಎಂದ ಯಂಕೇಶ. "ಚಹಾಕ್ಕ, ಪೇಡಾಕ್ಕ, ಮಜ್ಜಿಗಿಗೆ ಇದರದ ಹಾಲು. ನನ್ನ ಗಿಡಕ್ಕ ಇದರದ ಗೊಬ್ಬರ. ಮಾಲಕರಿಗೆ ಫೋನ್ ಹಚ್ಚೀನಿ. ಕೆಲಸ ಮುಗಿಸಿ ಬರ್ತಾರಂತ."

ಹುಲಿಗೇಶನ ಕಣ್ಣೆದುರು ನಾಲ್ಕು ಧಂದೆಗಳು ನಾಲ್ಕು ಕಾಲುಗಳಾದವು. ಅವೂ ನೀರಿನೊಳಗಿದ್ದವು.

"ಯಾರರ ಇಳೀರಿ ಮತ್ತ!" ಎಂದು ಕೂಗಿದ.

"ನಮ್ಮದು ಒಂದೊಂದ ಧಂದೆ" ಎಂದಳು ಪಕ್ಕೀರವ್ವ. "ನಾಕರಾಗೂ ಪಾಲು ಇರಾಂವ ನೀನ. ನೀನ ಇಳಿ."

ಲೆಕ್ಕ ಸರಿಯಾಗಿತ್ತು. ಹುಲಿಗೇಶ ಪ್ಯಾಂಟು ಮಡಚಿ ಇಳಿದ.

"ಬಾಲ ತಿರುವೋ!" "ಬ್ಯಾಡ, ಕಿವ್ಯಾಗ ಮಾತಾಡು!" "ಮಾರಿ ತೊಳಿ, ಎಚ್ಚರಾಗತೈತಿ!"

ಎಮ್ಮೆ ಸೋಮವಾರ ಬೆಳಿಗ್ಗೆ ಶಾಲೆಗೆ ಎಬ್ಬಿಸಿದ ಮಗುವಿನಂತೆ ಒಂದು ಕಣ್ಣು ತೆರೆದು ಮತ್ತೆ ಮುಚ್ಚಿತು. ಹುಲಿಗೇಶನ ಎಡಗಾಲಿನ ಚಪ್ಪಲಿ ಮುನಿರಾಬಾದಿನ ಅಣೆಕಟ್ಟೆಯಿಂದ ಬಂದ ನೀರಿನ ಜೊತೆ ಸಿಂಧನೂರಿನ ಕಡೆ ಹೊರಟಿತು.

ನಾಲ್ಕೂವರೆಗೆ ಒಂದು ಬೈಕು ಬಂದು ನಿಂತಿತು. ಇಸ್ತ್ರಿ ಅಂಗಿಯ ಮಾಲಕರು ಇಳಿದು, ಹಿಂಡಿ ತುಂಬಿದ ಬಕೆಟ್ಟು ದಂಡೆಗಿಟ್ಟರು. ವಾಸನೆ ಸಿಕ್ಕಿದ್ದೇ ತಡ, ಎಮ್ಮೆ ಹುಲಿಗೇಶನನ್ನು ಕೆಸರಿಗೆ ಕೆಡವಿ ಮೇಲೇರಿ ಬಂತು.

ಕೆಸರು ಒರೆಸಿಕೊಂಡು ನೋಡಿದರೆ, ಮರಿಸ್ವಾಮಿ ಸರ್.

"ಸರ್! ಈ ಎಮ್ಮಿ ನಿಮ್ಮದೇನ್ರಿ?"

"ಅತಿಥಿ ಉಪನ್ಯಾಸಕಪಾ ನಾ. ಸಂಬಳ ಯಾವಾಗ ಬರತೈತಂತ ಯಾರಿಗೆ ಗೊತ್ತು? ಇದ್ದಬದ್ದದ್ದೆಲ್ಲಾ ಹಾಕಿ ಇದೊಂದನ್ನ ತಗೊಂಡೆ."

"ಒಂದರ ಮ್ಯಾಲ ಎಲ್ಲಾ ಹಾಕಬ್ಯಾಡ್ರಿ ಅಂತ ನೀವ ಹೇಳಿದ್ರಲ್ರಿ!"

"ಹಾಕಿದ ಮ್ಯಾಲ ಗೊತ್ತಾತು. ಅದಕ್ಕ ಹೇಳಿದೆ."

ಹುಲಿಗೇಶ ಗಡಿಯಾರ ನೋಡಿದ. ಇನ್ನೂ ಇಪ್ಪತ್ತು ನಿಮಿಷವಿತ್ತು. "ಹೋಗ್ಲಿ ಬಿಡ್ರಿ ಸರ್. ಆಪತ್ತು ಬಂದೈತಿ. ನಿಮ್ಮ ಕಡೆ ಇಟ್ಟ ಮುನ್ನೂರು ಕೊಡ್ರಿ, ಹೆಸರರ ಉಳೀತೈತಿ."

ಸರ್ ಕಿಸೆಗೆ ಕೈ ಹಾಕಲಿಲ್ಲ. ಮೆಲ್ಲಗೆ ಬಕೆಟ್ಟಿನ ಕಡೆ ನೋಡಿದರು.

"ಎಮ್ಮಿ ಏಳವಲ್ದು, ನಿನ್ನ ನಾಕೂ ಧಂದೆ ನಿಂತಾವ ಅಂತ ಯಂಕೇಶ ಫೋನ್ ಮಾಡಿದ್ನಪಾ. ನಿನಗ ಇದಕ್ಕಿಂತ ದೊಡ್ಡ ಆಪತ್ತು ಯಾವದು ಬರತೈತಿ? ಮುನ್ನೂರರದೂ ಹಿಂಡಿ ತಂದೆ."

ಎಮ್ಮೆ ಬಕೆಟ್ಟಿನ ತಳ ನೆಕ್ಕಿ ತಲೆ ಎತ್ತಿತು. ಅಷ್ಟು ಜನ ನಿಂತಿದ್ದರೂ ಒಬ್ಬರಿಗೂ ಹಗ್ಗ ಹಾಕುವ ನೆನಪಾಗಿರಲಿಲ್ಲ. ಹುಲಿಗೇಶನ ಆಪತ್ತಿನ ನಿಧಿಯನ್ನು ನಿಧಾನವಾಗಿ ಮೆಲುಕು ಹಾಕುತ್ತ ಅದು ಮತ್ತೆ ಕಾಲುವೆಗೆ ಇಳಿಯಿತು.