ಮಾವನ ಫೋನಿನೊಳಗಿನ ಗೆರೆ

ನಮ್ಮ ಸೋದರಮಾವ ಊಟ ಮಾಡುವಾಗ ಎಲೆಯ ಕಡೆ ನೋಡಿದ್ದನ್ನು ಕಂಡವರು ಯಾರಾದರೂ ಇದ್ದರೆ ಮುಂದೆ ಬರಲಿ! ಬಲಗೈ ಮುದ್ದೆ ಮುರಿಯುತ್ತಿರುತ್ತದೆ, ಎಡಗೈಯಲ್ಲಿ ಫೋನು, ಫೋನಿನಲ್ಲಿ ಏರಿಳಿಯುವ ಒಂದು ಗೆರೆ. ಅದು ಕೋಡಿಹಳ್ಳಿ ಪಕ್ಕದ ತೋಟದಲ್ಲಿ ಅವರು ರೇಷ್ಮೆಹುಳ ಸಾಕುವ ಮನೆಯದು. ಅಲ್ಲಿ ತೂಗುಹಾಕಿದ ಅಂಗೈಯಗಲದ ಸೆನ್ಸರ್ ಡಬ್ಬಿಯೊಂದು ಒಳಗಿನ ಬಿಸಿ ಎಷ್ಟು, ತೇವ ಎಷ್ಟು ಎಂದು ಕ್ಷಣಕ್ಷಣಕ್ಕೂ ವರದಿ ಒಪ್ಪಿಸುತ್ತಿರುತ್ತದೆ. ಹಿಂದೊಮ್ಮೆ ಸೆಖೆಗೆ ಹುಳ ಸತ್ತು ಇಡೀ ಬೆಳೆ ಕೈಕೊಟ್ಟಿತ್ತು. ಅಂದಿನಿಂದ ಆ ಗೆರೆಯೇ ಅವರ ಜೀವ.

ಗೆರೆ ಒಂಚೂರು ಏರಿದರೆ ಮಾವನ ಬಿಪಿಯೂ ಏರುತ್ತದೆ. ಸೋಂಕಿನ ಭಯಕ್ಕೆ ಹುಳದ ಮನೆಗೆ ಮಾವ, ಅತ್ತೆ ಬಿಟ್ಟು ನರಪಿಳ್ಳೆಗೂ ಪ್ರವೇಶವಿಲ್ಲ. ಒಮ್ಮೆ ನಾನು ಇಣುಕಿದ್ದಕ್ಕೆ ಬ್ಲೀಚಿಂಗ್ ನೀರಿನಲ್ಲಿ ಕಾಲು ತೊಳೆಸಿ, ಆಮೇಲೂ ಬಾಗಿಲಿಂದಲೇ ವಾಪಸು ಕಳಿಸಿದ್ದರು! ಇನ್ನು ಫೋನ್ ಮಾಡುವವರ ಪಾಡು ಕೇಳಬೇಡಿ. ಕರೆ ಬಂದರೆ ಗೆರೆ ಮರೆಯಾಗುತ್ತದಲ್ಲ, ಯಾರದಾದರೂ ಸರಿ, ಕಟ್ ಮಾಡಿಬಿಡುತ್ತಾರೆ.

ಹೋದ ಬೇಸಿಗೆಯಲ್ಲಿ ಕನಕಪುರದಲ್ಲಿ ನೆಂಟರ ಮದುವೆ. ಹುಳ ಇನ್ನೇನು ಗೂಡು ಕಟ್ಟುವ ಹೊತ್ತು, ಆಗ ಸೆಖೆ ತಾಗಿದರೆ ಪಟ್ಟ ಪಾಡೆಲ್ಲ ನೀರುಪಾಲು. ಅತ್ತೆ ಹುಳ ನೋಡಿಕೊಳ್ಳಲು ತೋಟದಲ್ಲೇ ಉಳಿದಿದ್ದರು. ಪಂಕ್ತಿಯಲ್ಲಿ ಕೂತಿದ್ದಾಗ ಅವರ ಕರೆ ಬಂತು. ಮಾವ ಕಟ್ ಮಾಡಿದರು. ಮತ್ತೆ ಬಂತು, ಮತ್ತೆ ಕಟ್.

"ಎತ್ತಿ ಮಾವ" ಎಂದೆ.

"ಊಟಕ್ಕೆ ಏನೇನ್ ಮಾಡವ್ರೆ ಅಂತ ಕೇಳಕ್ಕೆ ಮಾಡ್ತಾವ್ಳೆ. ಸುಮ್ಕಿರ್ಲಾ."

ಸ್ವಲ್ಪ ಹೊತ್ತಿಗೆ ಗೆರೆ ಸರ್ರನೆ ಮೇಲಕ್ಕೆದ್ದಿತು. ಮಾವನೂ ಎದ್ದರು. ಪಾಯಸ ಎಲೆಯಲ್ಲೇ ಉಳಿಯಿತು.

ನನ್ನ ಬೈಕಿನ ಹಿಂದೆ ಕೂತು ದಾರಿಯುದ್ದಕ್ಕೂ ವೀಕ್ಷಕ ವಿವರಣೆ. "ಬಿಸಿನೂ ಏರ್ತಾ ಐತೆ, ತ್ಯಾವನೂ ಏರ್ತಾ ಐತೆ. ಬಿಸಿ ಏರುದ್ರೆ ತ್ಯಾವ ಇಳೀಬೇಕಲ್ವ, ಇದ್ಯಾವ ಸೀಮೆ ಹವಾ ಕಣ್ಲಾ? ಒಸಿ ಜೋರಾಗಿ ಓಡ್ಸು."

"ಅತ್ತೆಗೆ ಒಂದು ಫೋನ್ ಮಾಡಿ ನೋಡಿ."

"ಗೆರೆ ಹೋಗ್ಬುಡ್ತದೆ ಕಣ್ಲಾ."

ನಗು ಬರಬೇಕಾದ ಮಾತು. ಆದರೆ ಅವರು ನನ್ನ ಹೆಗಲನ್ನು ಅದುಮಿ ಇನ್ನೂ ಜೋರಾಗಿ, ಇನ್ನೂ ಜೋರಾಗಿ ಅನ್ನುತ್ತಲೇ ಇದ್ದರು. ನನಗೂ ಭಯ ಹತ್ತಿಕೊಂಡಿತು.

ಹೋಗಿ ನೋಡಿದರೆ ಹುಳದ ಮನೆ ತಣ್ಣಗಿದೆ! ಕಿಟಕಿಗಳಿಗೆ ಒದ್ದೆ ಗೋಣಿಚೀಲ ಇಳಿಬಿಟ್ಟಿದೆ, ಹುಳಗಳು ನೆಮ್ಮದಿಯಾಗಿ ಸೊಪ್ಪು ಮೇಯುತ್ತಿವೆ. ಸೆನ್ಸರ್ ಮಾತ್ರ ಕೊಕ್ಕೆಯಲ್ಲಿಲ್ಲ. ಮೂಲೆಯಲ್ಲಿ ಅತ್ತೆ ಕಂಬಳಿ ಹೊದ್ದು ಮುದುಡಿ ಕೂತಿದ್ದರು. ಮೈ ಕೆಂಡದಂತೆ ಸುಡುತ್ತಿತ್ತು. ಡಬ್ಬಿ ಅವರ ಕಂಕುಳಲ್ಲಿತ್ತು.

"ಫೋನ್ ಮಾಡುದ್ರೆ ಕಟ್ ಮಾಡ್ತೀರಿ" ಎಂದರು, ಚಳಿಗೆ ಹಲ್ಲು ಕಟಕಟಿಸುತ್ತಾ. "ಹುಳಕ್ಕೆ ಬಿಸಿ ತಾಗ್ತು ಅಂದ್ರಾದ್ರೂ ಬತ್ತೀರಲ್ಲ ಅಂತ ಇದ್ನ ಮಡಿಕ್ಕಂಡೆ."

ಮಾವ ಕಾರು ಕೇಳಲು ಓಡಿದರು. ಪಕ್ಕದ ತೋಟದವರ ಕಾರಿನಲ್ಲಿ ಅತ್ತೆಯನ್ನು ಕನಕಪುರದ ಆಸ್ಪತ್ರೆಗೆ ಕರೆದೊಯ್ದೆವು, ಡ್ರಿಪ್ ಹಾಕಿದರು. ಸಂಜೆ ನಾನೇ ಹೆದರುತ್ತಾ, ಹುಳಕ್ಕೆ ಸೊಪ್ಪು ಹಾಕುವ ಹೊತ್ತಾಯಿತು ಎಂದೆ. ಮಾವ ಫೋನನ್ನು ನನ್ನ ಕೈಗಿಟ್ಟರು.

"ನೀನೇ ಒಳಕ್ಕೋಗಿ ಹಾಕ್ಬುಡು. ಬೆಳೆ ಆದ್ರೆ ಆಯ್ತು, ಹೋದ್ರೆ ಹೋಯ್ತು. ಇವಳ ಬಿಸಿ ಇಳಿಯೋಗಂಟ ನಾನು ಏಳಕ್ಕಿಲ್ಲ."

ವಾರ್ಡಿನ ಬಾಗಿಲಲ್ಲಿ ತಿರುಗಿ ನೋಡಿದೆ. ಮಾವನ ಅಂಗೈ ಅತ್ತೆಯ ಹಣೆಯ ಮೇಲಿತ್ತು. ನರ್ಸಮ್ಮ ಥರ್ಮಾಮೀಟರ್ ಹಿಡಿದು ಪಕ್ಕದಲ್ಲೇ ಕಾಯುತ್ತಾ ನಿಂತಿದ್ದರು. ಮಾವ ಕೈ ತೆಗೆಯಲಿಲ್ಲ.