ಏಣಿ ಹತ್ತುವವಳ ರಜೆಯ ಕುರಿತು ಫ್ರೇಮ್‌ವರ್ಕ್ ಮಹಾಶಯರಲ್ಲಿ ಒಂದು ಬಿನ್ನಹ

ಮಾನ್ಯ ಫ್ರೇಮ್‌ವರ್ಕ್ ಮಹಾಶಯರೇ,

ಏಣಿ ಕಾರ್ಖಾನೆಯೊಂದರಲ್ಲಿ ಏಣಿಗಳನ್ನು ಹತ್ತಿ ನೋಡುವ ಕೆಲಸದಲ್ಲಿರುವ, ಅಥವಾ ತಮ್ಮ ಇತ್ತೀಚಿನ ದಾಖಲೆಯ ಪ್ರಕಾರ ಹಿಂದೊಮ್ಮೆ ಇದ್ದ, ಹೆಂಗಸೊಬ್ಬಳ ಅನಂತ ನಮಸ್ಕಾರಗಳನ್ನು ಸ್ವೀಕರಿಸಬೇಕು. ತಾವು ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ತಮ್ಮ ಮೈ ಸರಿಯಿಲ್ಲದ ದಿನ ನಮ್ಮ ಕಾರ್ಖಾನೆಯ ಗೇಟೇ ತೆರೆಯುವುದಿಲ್ಲವಾದ್ದರಿಂದ, ಮನೆಯವರ ಆರೋಗ್ಯಕ್ಕಿಂತ ಮೊದಲು ತಮ್ಮ ಆರೋಗ್ಯದ ಸುದ್ದಿ ನಮಗೆ ತಲುಪುತ್ತಿರುತ್ತದೆ.

ದೂರಿಗೆ ಮೊದಲು ತಮ್ಮ ಗುಣಗಾನ ಮಾಡುವುದು ನನ್ನ ಧರ್ಮ. ತಾವು ಬರುವ ಮುಂಚೆ ನಮ್ಮಲ್ಲಿ ಲೆಕ್ಕಕ್ಕೊಂದು, ಹಾಜರಿಗೊಂದು, ದಾಸ್ತಾನಿಗೊಂದು ಎಂದು ಬೇರೆ ಬೇರೆ ಸಾಫ್ಟ್‌ವೇರ್‌ಗಳಿದ್ದು, ಒಂದರ ಮಾತು ಇನ್ನೊಂದರ ಕಿವಿಗೆ ಬೀಳುತ್ತಿರಲಿಲ್ಲ. ತಮ್ಮನ್ನು ಕರೆತಂದ ಸಾಫ್ಟ್‌ವೇರಿನವರು ಯಜಮಾನರ ಮುಂದೆ ಕುಳಿತು, ಉಳಿದವರು ಮನೆಯನ್ನು ಇಟ್ಟಿಗೆ ಇಟ್ಟಿಗೆಯಾಗಿ ಕಟ್ಟುತ್ತಾರೆ, ಇದು ಹಾಗಲ್ಲ, ಕಂಬ ತೊಲೆ ಬಾಗಿಲು ಎಲ್ಲ ಸಿದ್ಧವಾಗಿಯೇ ಬರುತ್ತದೆ, ನಿಮ್ಮಲ್ಲಿ ಏನೇನಿದೆ ಎಂದು ಹೇಳಿದರೆ ಸಾಕು, ಪರದೆಗಳು, ಪಟ್ಟಿಗಳು, ಯಾರ ಅರ್ಜಿ ಯಾರ ಮುಂದೆ ಹೋಗಬೇಕೆಂಬ ದಾರಿ, ಎಲ್ಲವನ್ನೂ ತಾನೇ ಮಾಡಿಕೊಳ್ಳುತ್ತದೆ ಎಂದು ವಿವರಿಸಿದ್ದರು. ಅವರು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ವರ್ಷವಾದರೂ ಮುಗಿಯದು ಎಂದುಕೊಂಡಿದ್ದ ಕೆಲಸವನ್ನು ತಾವು ನೀರು ಕುಡಿದಷ್ಟು ಸುಲಭವಾಗಿ ಮುಗಿಸಿದಿರಿ. ಯಾವ ಏಣಿ ಯಾರ ಮನೆಯ ಗೋಡೆಗೆ ಒರಗಿದೆ, ಅದನ್ನು ಯಾರು ಹತ್ತಿ ನೋಡಿ ಪ್ರಮಾಣಪತ್ರ ಕೊಟ್ಟರು ಎಂಬುದು ಇಂದು ತಮಗೆ ಬಾಯಿಪಾಠ. ಒಮ್ಮೆ ಬರೆದದ್ದನ್ನು ಯಾರೂ ಅಳಿಸಲಾರರು, ಯಾರೂ ಇನ್ನೊಬ್ಬರ ಹೆಸರಿನಲ್ಲಿ ಒಳನುಗ್ಗಲಾರರು. ಇಂಥ ಶಿಸ್ತು ನನ್ನ ಗಂಡನಿಗೆ ಇದ್ದಿದ್ದರೆ ನಾನು ಏಣಿ ಹತ್ತುವ ಕೆಲಸಕ್ಕೆ ಬರುವ ಪ್ರಮೇಯವೇ ಇರುತ್ತಿರಲಿಲ್ಲ.

ತಮ್ಮ ಮೈಕಟ್ಟು ಮಾತ್ರ ಕೊಂಚ ಬಿಗಿ ಎಂದು ಸಂಕೋಚದಿಂದ ಹೇಳಬೇಕಾಗಿದೆ. ತಾವು ಅಂಗಡಿಯಲ್ಲಿ ಸಿಗುವ ಸಿದ್ಧ ಉಡುಪಿದ್ದಂತೆ, ಸರಿಹೋಗದಿದ್ದರೆ ಮೈಯನ್ನೇ ಕತ್ತರಿಸಿಕೊಳ್ಳಬೇಕು. ನನ್ನ ಕೆಲಸವೆಂದರೆ ಪ್ರತಿ ಏಣಿಯ ತುದಿಗೆ ಹತ್ತಿ, ಬಲ್ಬು ಬದಲಿಸುವವಳ ಹಾಗೆ ಎರಡೂ ಕೈ ಮೇಲೆತ್ತಿ, ಒಮ್ಮೆ ಕುಪ್ಪಳಿಸಿ ಇಳಿದು ಬಂದು ಗುಂಡಿ ಒತ್ತುವುದು. ನನ್ನ ತೂಕವನ್ನು ತಾವು ಮೊದಲ ದಿನವೇ ಬರೆದುಕೊಂಡು, ಏಣಿಗಳ ತಾಳಿಕೆಯನ್ನು ಅದರ ಮೇಲೆ ನಿಲ್ಲಿಸಿದಿರಿ. ನಾನು ಜ್ವರ ಬಂದು ಸೊರಗಿ ಮರಳಿದಾಗ, ತೂಕ ಕಡಿಮೆಯಾಗಿದೆಯೆಂದು ಒಂದೊಂದೇ ಏಣಿಯನ್ನು ತಿರಸ್ಕರಿಸಿದಿರಿ. ತೂಕದ ಅಂಕಿ ತಿದ್ದಲು ಬರುತ್ತದೆಯೇ ಎಂದು ಕೇಳಿದರೆ, ಅದಕ್ಕೆ ಅಡಿಪಾಯವನ್ನೇ ಅಗೆಯಬೇಕಾಗುತ್ತದೆ ಎಂದು ಸಾಫ್ಟ್‌ವೇರಿನವರು ಕೈಚೆಲ್ಲಿದರು. ಹೀಗಾಗಿ ಮೈ ತುಂಬಿಕೊಳ್ಳುವವರೆಗೆ ಹೆಗಲಿಗೆ ಮೊಳೆಯ ಚೀಲ ಹೊತ್ತು ಹತ್ತಿದೆ. ಅದನ್ನು ಹೊಟ್ಟೆಗೆ ಹಾಕಿಕೊಂಡಿದ್ದೇನೆ, ಅದು ಈ ಪತ್ರದ ವಿಷಯವಲ್ಲ.

ವಿಷಯ ನಮ್ಮ ಪರಮೋಚ್ಚ ಅಧಿಕಾರಿಗಳಾದ ಶ್ರೀಮಾನ್ ಕಕಕ ಅವರದು. ತಮ್ಮ ಪ್ರತಿಷ್ಠಾಪನೆಯ ದಿನ, ಸಿಬ್ಬಂದಿಯ ಪರದೆ ಕೆಲಸ ಮಾಡುತ್ತದೆಯೋ ಇಲ್ಲವೋ ನೋಡೋಣವೆಂದು ಸಾಫ್ಟ್‌ವೇರಿನವರು ಹೆಸರಿನ ಜಾಗದಲ್ಲಿ ಒಂದೇ ಅಕ್ಷರವನ್ನು ಮತ್ತೆ ಮತ್ತೆ ಕುಟ್ಟಿ ಕಕಕ ಎಂದು ಬರೆದರು. ಹುಟ್ಟಿದ ದಿನ ತುಂಬಲಿಲ್ಲವಾದ್ದರಿಂದ ತಮಗೆ ತಿಳಿದಿರುವ ಅತ್ಯಂತ ಹಳೆಯ ದಿನಾಂಕವನ್ನು ತಾವೇ ದಯಪಾಲಿಸಿದಿರಿ. ಫೋನಿನ ಜಾಗದಲ್ಲಿ ಸಾಲಾಗಿ ಒಂದೇ ಅಂಕಿ ಒತ್ತಿದರು, ಪಾಸ್‌ವರ್ಡಿಗೆ ಕೀಬೋರ್ಡಿನ ಮೇಲೆ ಅಂಗೈ ಬಡಿದರು. ಆಮೇಲೆ ಎರಡನೆಯವರಾಗಿ ಯಜಮಾನರ ಹೆಸರು ಸೇರಿಸಹೋದಾಗ ತಮ್ಮ ಕಟ್ಟಳೆ ಹೊರಬಿತ್ತು. ಇಲ್ಲಿ ಪ್ರತಿಯೊಬ್ಬರಿಗೂ ಒಬ್ಬ ಮೇಲಧಿಕಾರಿ ಇರಲೇಬೇಕು, ಮೊದಲು ಸೇರಿದವರಿಗೆ ಮಾತ್ರ ವಿನಾಯಿತಿ. ಹಾಗಾಗಿ, ನಾಳೆ ಅಳಿಸಿದರಾಯಿತು ಎಂದುಕೊಂಡು, ಕಾರ್ಖಾನೆ ಕಟ್ಟಿದ ಯಜಮಾನರನ್ನು ಕಕಕ ಅವರ ಕೈಕೆಳಗೆ ಹಾಕಿದರು. ಮರುದಿನ ಅಳಿಸಹೋದರೆ, ಇವರ ಕೆಳಗೆ ಜನರಿದ್ದಾರೆ, ಇವರನ್ನು ತೆಗೆಯಲಾಗದು ಎಂದಿರಿ. ಅಂದಿನಿಂದ ಕಕಕ ಅವರೇ ನಮ್ಮ ಕಾರ್ಖಾನೆಯ ತುತ್ತತುದಿ.

ಯಜಮಾನರು ಮೊದಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕರು. ಬರಬರುತ್ತ ಅದರ ಅನುಕೂಲ ಅವರಿಗೆ ಅರ್ಥವಾಯಿತು. ಯಾರು ಏನು ಕೇಳಿದರೂ, ನನ್ನದೇನೂ ಅಡ್ಡಿಯಿಲ್ಲಪ್ಪ, ಆದರೆ ಮೇಲಿನವರು ಒಪ್ಪಬೇಕಲ್ಲ ಎಂದು ಚಾವಣಿ ನೋಡತೊಡಗಿದರು. ಲೆಕ್ಕಪರಿಶೋಧಕರು ಬಂದಾಗ ಕೇಳಿಯಾರೆಂದು ಒಂದು ಕೋಣೆಗೆ ಕಕಕ ಅವರ ಫಲಕ ಹಾಕಿಸಿ, ಒಳಗೆ ಕುರ್ಚಿ ಇಡಿಸಿ, ಕುರ್ಚಿಯ ಬೆನ್ನಿಗೆ ಟವೆಲ್ ಹೊದಿಸಿದರು. ಒಂದು ದಿನವೂ ತಡವಾಗಿ ಬರದವರು ಎಂದು ತಾವು ಪ್ರತಿ ವರ್ಷ ಅವರನ್ನು ಅಭಿನಂದಿಸುತ್ತ ಬಂದಿರಿ. ಅವರ ಹುಟ್ಟುಹಬ್ಬಕ್ಕೆ ನಮಗೆಲ್ಲ ತಮ್ಮಿಂದ ಸಂದೇಶ ಬರುತ್ತಿತ್ತು. ವೆಲ್ಡಿಂಗ್ ವಿಭಾಗದವರಂತೂ ಆ ಕೋಣೆಯ ಮುಂದೆ ಹಾಯುವಾಗ ದನಿ ತಗ್ಗಿಸಿ ಮಾತಾಡುವುದನ್ನು ನಾನೇ ಕೇಳಿದ್ದೇನೆ.

ನನಗೂ ನಗು ಬರುತ್ತಿತ್ತು, ನನ್ನ ಮಗಳು ಬಸುರಿಯಾಗುವವರೆಗೆ. ಅವಳ ಊರು ದೂರ, ಹೋಗಿ ಬರುವುದಕ್ಕೇ ಎರಡು ದಿನ ಬೇಕು. ಚಿಕ್ಕಪುಟ್ಟ ರಜೆಯನ್ನು ಯಜಮಾನರು ಮಂಜೂರು ಮಾಡಬಹುದು, ತಿಂಗಳ ರಜೆ ಮಾತ್ರ ಎಲ್ಲರಿಗಿಂತ ಮೇಲಿನವರ ಮುಂದೆ ಹೋಗಬೇಕು ಎಂಬುದು ತಮ್ಮ ನಿಯಮ. ಮಗಳ ಹೆರಿಗೆ ಎಂದು ಕಾರಣ ಬರೆದು ಅರ್ಜಿ ಹಾಕಿದೆ. ಕೋರಿಕೆ ಪ್ರಗತಿಯಲ್ಲಿದೆ ಎಂದಿರಿ. ಕಕಕ ಅವರಿಗೆ ದಿನವೂ ತಪ್ಪದೆ ನೆನಪೋಲೆ ಕಳಿಸಿದಿರಿ. ಅವರು ಉತ್ತರಿಸದಿದ್ದಾಗ ಅರ್ಜಿಯನ್ನು ಅವರ ಮೇಲಧಿಕಾರಿಗೆ ಕಳಿಸಹೋಗಿ, ಅಂಥವರು ಯಾರೂ ಇಲ್ಲವೆಂದು ಕಂಡು, ಅವರಿಗೇ ಮರಳಿಸಿದಿರಿ. ಮಂಜೂರಾತಿ ಇಲ್ಲದೆ ಊರಿಗೆ ಹೋದರೆ ಕೆಲಸ ಬಿಟ್ಟಂತೆ ಎಂಬ ನಿಯಮವೂ ಇದೆಯಲ್ಲ, ಮನೆ ನಡೆಯುವುದು ನನ್ನೊಬ್ಬಳ ಸಂಬಳದ ಮೇಲೆ, ಹೆದರಿಕೊಂಡೆ. ಅರ್ಜಿ ಪ್ರಗತಿಯಲ್ಲಿರುವಾಗಲೇ ಮಗು ಹುಟ್ಟಿತು. ನಾನು ಮೊಮ್ಮಗಳನ್ನು ಮೊದಲ ಸಲ ನೋಡುವ ಹೊತ್ತಿಗೆ ಅವಳಿಗೆ ಹಲ್ಲು ಬಂದಿತ್ತು. ಯಾರೋ ಹೊರಗಿನವರು ಎಂದುಕೊಂಡು ನನ್ನನ್ನು ಕಂಡು ಚೀರಿ ತನ್ನಮ್ಮನ ಹೆಗಲಿಗೆ ಮುಖ ಒತ್ತಿಕೊಂಡಳು. ಆ ದಿನವನ್ನು ಬರೆದಿಡಲು ತಮ್ಮ ಯಾವ ಪರದೆಯಲ್ಲೂ ಜಾಗವಿಲ್ಲ.

ಕೆಲವು ವರ್ಷಗಳ ಮೇಲೆ ಮಗಳು ಮತ್ತೆ ಬಸುರಿಯಾದಳು. ಫೋನಿನಲ್ಲಿ ಅದು ಇದು ಮಾತಾಡಿ ಕೊನೆಗೆ, "ಅಮ್ಮ, ಈ ಸಲನಾದ್ರೂ ಬರ್ತೀಯಾ? ಬರಲ್ಲ ಅಂದ್ರೆ ಈಗ್ಲೇ ಹೇಳಿಬಿಡು, ಕಾಯೋದಾದ್ರೂ ತಪ್ಪುತ್ತೆ" ಎಂದಳು. ಬಂದೇ ಬರುತ್ತೇನೆ ಎಂದು ಮಾತು ಕೊಟ್ಟು, ಬೆಳಿಗ್ಗೆಯೇ ತಮ್ಮ ಮುಂದೆ ಕುಳಿತು ಅರ್ಜಿ ಹಾಕಹೋದರೆ, ಇದೇ ಕಾರಣಕ್ಕೆ ನಿಮ್ಮ ಒಂದು ಅರ್ಜಿ ಈಗಾಗಲೇ ಪ್ರಗತಿಯಲ್ಲಿದೆ, ಅದು ಮುಗಿಯದೆ ಎರಡನೆಯದನ್ನು ಸ್ವೀಕರಿಸಲಾಗದು ಎಂದಿರಿ. ಅಂದರೆ ನನ್ನ ಮಗಳ ಮೊದಲ ಹೆರಿಗೆ ತಮ್ಮಲ್ಲಿ ಇನ್ನೂ ಆಗಿರಲಿಲ್ಲ. ಆ ಹೆರಿಗೆಯ ಮಗು ಆಗಲೇ ಶಾಲೆಯ ಮೆಟ್ಟಿಲು ಹತ್ತಿತ್ತು.

ಸಾಫ್ಟ್‌ವೇರಿನವರನ್ನು ಕರೆಸಿದೆವು. ಅವರು ಪರದೆಯನ್ನು ಮೆಚ್ಚುಗೆಯಿಂದ ನೋಡಿ, ಇದು ದೋಷವಲ್ಲ, ಒಂದೇ ರಜೆಯನ್ನು ಯಾರೂ ಎರಡು ಸಲ ಕೇಳದಂತೆ ಕಾಪಾಡುವ ಗುಣ, ಇದಕ್ಕೋಸ್ಕರವೇ ದೊಡ್ಡ ದೊಡ್ಡ ಸಂಸ್ಥೆಗಳು ಈ ಫ್ರೇಮ್‌ವರ್ಕನ್ನು ಹುಡುಕಿಕೊಂಡು ಬರುತ್ತವೆ ಎಂದರು. ಕಾರಣ ಬದಲಿಸಿ ಹಾಕಿ ಎಂಬ ಉಪಾಯವನ್ನೂ ಹೇಳಿಕೊಟ್ಟರು. ತಮ್ಮ ಪಟ್ಟಿಯಲ್ಲಿ ಉಳಿದಿದ್ದ ಕಾರಣಗಳು ಸ್ವಂತ ಮದುವೆ, ಸ್ವಂತ ಹೆರಿಗೆ ಮತ್ತು ಸ್ವಂತ ಮರಣ. ನನ್ನ ವಯಸ್ಸಿಗೆ ಮೂರನೆಯದೊಂದೇ ಹೊಂದುವಂತಿತ್ತು, ಆದರೆ ಅದಕ್ಕೆ ಅರ್ಜಿದಾರರು ಖುದ್ದಾಗಿ ಬಂದು ಬೆರಳಚ್ಚು ಕೊಡಬೇಕಂತೆ. ಯಜಮಾನರು ಈ ಸಲ ಚಾವಣಿ ನೋಡಲಿಲ್ಲ, ನಿಜವಾಗಿಯೂ ಪೇಚಾಡಿದರು. ಕಕಕ ಅವರ ಪಾಸ್‌ವರ್ಡ್ ಬದಲಿಸಲು ಕಕಕ ಅವರ ಮೇಲಧಿಕಾರಿಯೇ ಬೇಕು ಎಂದು ತಿಳಿದ ಮೇಲೆ ಅವರ ಕೋಣೆಗೆ ಹೋಗಿ ಖಾಲಿ ಕುರ್ಚಿಯನ್ನು ಬೈದು ಬಂದರು.

ಮಾನ್ಯರೇ, ಆಗಲೇ ನಾನು ತಮ್ಮಲ್ಲಿ ಕೆಲವು ವಿನಂತಿ ಮಾಡಿಕೊಳ್ಳಬಹುದಿತ್ತು. ಬರಲಿರುವ ಶಿಶುವಿಗೆ ತಾವೇ ಒಂದು ನೋಟೀಸು ಕಳಿಸಿ, ಅಕ್ಕ ಹುಟ್ಟುವುದೇ ಕಡತದಲ್ಲಿ ಬಾಕಿಯಿರುವುದರಿಂದ ಮುಂದಿನ ಆವೃತ್ತಿ ಬರುವವರೆಗೆ ಒಳಗೇ ಇರತಕ್ಕದ್ದು ಎಂದು ಸೂಚಿಸಬಹುದಿತ್ತು. ಆದರೆ ಶಿಶುಗಳು ಇನ್ನೂ ತಮ್ಮ ಅಡಿಪಾಯದ ಮೇಲೆ ನಿಂತಿಲ್ಲವೆಂದು ಕೇಳಿದ್ದೇನೆ. ದಿನ ಹತ್ತಿರ ಬಂತು. ನಾನು ಯಾರಿಗೂ ಹೇಳದೆ ಬಸ್ಸು ಹತ್ತಿದೆ. ಕೆಲಸ ಹೋದರೆ ಹೋಗಲಿ, ಮನೆಗೆಲಸಕ್ಕೆ ಹೋದರೂ ಹೇಗೋ ಹೊಟ್ಟೆ ತುಂಬೀತು, ಮಗಳಿಗೆ ಎರಡನೆಯ ಸಲ ಸುಳ್ಳುಗಾತಿಯಾಗಲಾರೆ ಎಂದುಕೊಂಡೆ.

ತಾವು ಮಾತಿಗೆ ತಪ್ಪುವವರಲ್ಲ. ನಾನು ಕೆಲಸ ಬಿಟ್ಟೆನೆಂದು ಬರೆದುಕೊಂಡಿರಿ. ಕೆಲಸ ಬಿಟ್ಟವಳು ಕೊಟ್ಟ ಪ್ರಮಾಣಪತ್ರ ಊರ್ಜಿತವಲ್ಲವೆಂದು ತೀರ್ಮಾನಿಸಿದಿರಿ. ನಾನು ಇಷ್ಟು ವರ್ಷ ಹತ್ತಿ ಇಳಿದ ಏಣಿಗಳನ್ನು ಕೊಂಡ ಸಮಸ್ತರ ಫೋನಿಗೂ, ನೀವು ಬಳಸುತ್ತಿರುವ ಏಣಿಗೆ ಈಗ ಪ್ರಮಾಣವಿಲ್ಲ, ದಯವಿಟ್ಟು ಕೂಡಲೇ ಕೆಳಗಿಳಿಯಿರಿ ಎಂದು ಸಂದೇಶ ಕಳಿಸಿದಿರಿ. ಆ ಹೊತ್ತಿನಲ್ಲಿ ಬೀದಿದೀಪದವರು ಇಳಿದರು, ಬಣ್ಣದವರು ಅರ್ಧ ಗೋಡೆಗೆ ಇಳಿದರು, ಬೋರ್ಡು ಬರೆಯುವವರು ಅಂಗಡಿಯ ಹೆಸರನ್ನು ಅರ್ಧಕ್ಕೇ ಬಿಟ್ಟು ಇಳಿದರು ಎಂದು ಆಮೇಲೆ ಯಜಮಾನರಿಂದ ತಿಳಿಯಿತು. ಒಬ್ಬರ ಇಳಿತವನ್ನಂತೂ ನಾನೇ ಕಣ್ಣಾರೆ ಕಂಡೆ.

ಮಗಳನ್ನು ಹೆರಿಗೆ ಕೋಣೆಯೊಳಗೆ ಕರೆದುಕೊಂಡು ಹೋಗಿದ್ದರು, ಅಳಿಯ ಔಷಧಿಗೆ ಓಡಿದ್ದರು, ನಾನು ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಆಸ್ಪತ್ರೆಯ ಮೊಗಸಾಲೆಯ ಬೆಂಚಿನ ಮೇಲಿದ್ದೆ. ಎದುರಿಗೆ ಒಬ್ಬರು ಏಣಿ ಹತ್ತಿ ಕೆಟ್ಟ ಟ್ಯೂಬ್‌ಲೈಟ್ ಬದಲಿಸುತ್ತಿದ್ದರು. ಫೋನು ಸದ್ದಾಯಿತು, ಓದಿದರು, ಹೊಸ ಟ್ಯೂಬನ್ನು ಕಂಕುಳಲ್ಲಿ ಅವುಚಿಕೊಂಡು ಕೆಳಗಿಳಿದರು. ನಾನು ಏಣಿಯ ಮೇಲಿನ ಗುರುತು ನೋಡಿ, ಮೇಲೆ ಹತ್ತಪ್ಪ, ಏನೂ ಆಗಲ್ಲ, ಇದು ನಾನೇ ಹತ್ತಿ ಕುಪ್ಪಳಿಸಿದ ಏಣಿ ಎಂದರೆ ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ ಎರಡು ಹೆಜ್ಜೆ ಹಿಂದೆ ಸರಿದರು. ಅರೆಗತ್ತಲಲ್ಲಿ ಮೊಮ್ಮಗಳು ನನ್ನ ಸೆರಗು ಹಿಡಿದುಕೊಂಡಳು. ನನಗೆ ಪಿತ್ತ ನೆತ್ತಿಗೇರಿತು. ಅವರ ಕೈಯಿಂದ ಟ್ಯೂಬು ಕಿತ್ತುಕೊಂಡು ನಾನೇ ಹತ್ತಿ ಸಿಕ್ಕಿಸಿದೆ. ಬೆಳಕು ಬಂತು. ಅಷ್ಟರಲ್ಲಿ ಬಾಗಿಲು ತೆರೆದ ನರ್ಸಮ್ಮ ಅಜ್ಜಿ ಎಲ್ಲಿ ಎಂದು ಕೇಳಿದರು. ಮೊಮ್ಮಗಳು ಮೇಲೆ ಕೈ ತೋರಿಸಿದಳು.

ಮಾನ್ಯರೇ, ಗಂಡು ಮಗು. ಕಣ್ಣು ಬಿಟ್ಟಿರಲಿಲ್ಲ. ಕಿವಿಯ ಮೇಲೆ ಮೃದುವಾದ ಕೂದಲಿತ್ತು, ಹಣೆ ಆಗಲೇ ಅಜ್ಜನಾದವನ ಹಾಗೆ ಸುಕ್ಕುಗಟ್ಟಿತ್ತು, ನನ್ನ ಬೆರಳು ಹಿಡಿದು ಬಿಡಲಿಲ್ಲ. ನಾನು ನಾಚಿಕೆ ಬಿಟ್ಟು ಅತ್ತೆ. ಮಗಳು ಆ ಸುಸ್ತಿನಲ್ಲೂ ನಕ್ಕು, ಸಾಕು ಬಿಡಮ್ಮ, ಹೆತ್ತವಳು ನಾನು ಎಂದಳು.

ಇದಾದ ಮೇಲಿನ ವಾರ ತಮ್ಮ ಹೊಸ ಆವೃತ್ತಿ ಬಂತು. ವಯಸ್ಸು ಮೀರಿದವರನ್ನೆಲ್ಲ ನಿವೃತ್ತಿಗೊಳಿಸಿ, ಅವರ ಮುಂದಿದ್ದ ಅರ್ಜಿಗಳನ್ನು ಒಪ್ಪಿದಂತೆ ಪರಿಗಣಿಸುವುದು ಅದರ ಹೊಸ ಗುಣವಂತೆ. ಶತಾಯುಷಿಗಳಾದ ಕಕಕ ಅವರು ಹೀಗೆ ಗೌರವಪೂರ್ವಕವಾಗಿ ನಿವೃತ್ತರಾದರು. ನನಗೂ ತಮ್ಮ ಸಂದೇಶ ತಲುಪಿತು. ಮಗಳ ಮೊದಲ ಹೆರಿಗೆಗೆ ನಾನು ಕೇಳಿದ್ದ ರಜೆ ಮಂಜೂರಾಗಿದೆ, ಆ ದಿನಾಂಕಗಳು ಕಳೆದುಹೋಗಿರುವುದರಿಂದ ರಜೆಯನ್ನು ಪೂರ್ತಿಯಾಗಿ ಅನುಭವಿಸಿದಂತೆ ದಾಖಲಿಸಲಾಗಿದೆ ಎಂದು ಬರೆದಿದ್ದಿರಿ.

ಆ ಸಂದೇಶವನ್ನು ಓದುತ್ತಿದ್ದಾಗ ಮೊಮ್ಮಗಳು ತಮ್ಮನ ತೊಟ್ಟಿಲು ತೂಗುತ್ತ ನನ್ನನ್ನು ಕೇಳಿದಳು: "ಅಜ್ಜಿ, ನಾನು ಹುಟ್ಟಿದಾಗ್ಲೂ ನೀನು ಹಿಂಗೇ ಅತ್ತಿದ್ಯಾ?"

ತಮ್ಮ ದಾಖಲೆಯಲ್ಲಿ ಒಮ್ಮೆ ಬರೆದದ್ದನ್ನು ಯಾರೂ ಅಳಿಸಲಾರರು, ಆದ್ದರಿಂದ ನಾನು ಅಲ್ಲಿದ್ದೆ ಎಂಬುದೇ ಸತ್ಯವಾಗಿರಬೇಕು. ಹಾಗಿದ್ದ ಮೇಲೆ ನನ್ನದು ಒಂದೇ ಒಂದು ಕೋರಿಕೆ. ಆ ತಿಂಗಳು ನಾನು ನೋಡಿದ್ದನ್ನು ದಯವಿಟ್ಟು ನನಗೆ ತಿಳಿಸಿಕೊಡಿ. ಅವಳ ಕಿವಿಯ ಮೇಲೆ ಕೂದಲಿತ್ತೇ, ಕಣ್ಣು ಯಾವಾಗ ಬಿಟ್ಟಳು, ನನ್ನ ಬೆರಳು ಹಿಡಿದಳೇ? ಮಗು ಉತ್ತರಕ್ಕೆ ಕಾಯುತ್ತಿದೆ, ನನಗೆ ಏನು ಹೇಳಬೇಕೋ ಗೊತ್ತಾಗುತ್ತಿಲ್ಲ.

ಇಂತು ತಮ್ಮ ವಿಶ್ವಾಸಿ,
ಏಣಿ ಹತ್ತುವವಳು

ತಾಜಾಕಲಂ: ನಾನು ಬಿಟ್ಟುಬಂದ ಹೊಣೆಯನ್ನು, ಬೇರೆ ಯಾರೂ ಸಿಗುವವರೆಗೆ, ತಾವೇ ತಮ್ಮ ಹೆಸರಿಗೆ ಬರೆದುಕೊಂಡಿದ್ದೀರೆಂದು ಯಜಮಾನರು ಫೋನ್ ಮಾಡಿ ಹೇಳಿದರು. ಬಹಳ ಸಂತೋಷ. ಹತ್ತುವಾಗ ಕೆಳಗೆ ನೋಡಬೇಡಿ, ತುದಿಯಲ್ಲಿ ಎರಡೂ ಕೈ ಎತ್ತಿ ಒಮ್ಮೆ ಚೆನ್ನಾಗಿ ಕುಪ್ಪಳಿಸಿ. ಬಿದ್ದು ಸೊಂಟ ಮುರಿದರೆ ಮಾತ್ರ ದೀರ್ಘ ರಜೆ ಬೇಕಾದೀತು, ಅರ್ಜಿ ಹಾಕುವ ಮೊದಲು ತಮ್ಮ ಮೇಲಧಿಕಾರಿ ಯಾರೆಂದು ವಿಚಾರಿಸಿಕೊಳ್ಳಿ.